ಹರ್ಟ್ಜ್ 10-ಕೆ: ಆಸ್ತಿ ನಾಲ್ಕು ಸಾಲು, ರಿಸ್ಕ್ ಪುಟಗಟ್ಟಲೆ. ಎಲ್ಲಿಂದ ಓದೋದು?

ಲೆಕ್ಕದಪುಸ್ತಕ:
ಕಾರು ಬಾಡಿಗೆಗೆ ಕೊಡುವ ಹರ್ಟ್ಜ್ ಕಂಪನಿ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಸಲ್ಲಿಸುವ ವಾರ್ಷಿಕ ವರದಿ, ಅಂದರೆ 10-ಕೆ, ಓದುತ್ತಿದ್ದೇನೆ. ಐಟಂ 1ಎ, ಅಂದರೆ ರಿಸ್ಕ್ ಭಾಗ, ಮುಗಿಯುವ ಹಾಗೇ ಕಾಣುತ್ತಿಲ್ಲ. ಐಟಂ 2 ಪ್ರಾಪರ್ಟೀಸ್ ತೀರಾ ಚಿಕ್ಕದು. ಐಟಂ 3ರ ಕೋರ್ಟ್ ಕೇಸುಗಳಿಗೆ ಹೋದರೆ ‘ಟಿಪ್ಪಣಿ ನೋಡಿ’ ಅಂತ ಕೈತೊಳೆದುಕೊಂಡಿದ್ದಾರೆ. ಇಷ್ಟು ದೊಡ್ಡ ಕಂಪನಿಗೆ ಆಸ್ತಿ ಇಷ್ಟೇನಾ? ರಿಸ್ಕ್‌ಗಳಲ್ಲಿ ಜೊಳ್ಳು ಯಾವುದು, ಕಾಳು ಯಾವುದು?

ಗುತ್ತಿಗೆಲೆಕ್ಕ:
ಐಟಂ 2ರಲ್ಲಿ ಕಾರು ಹುಡುಕಬೇಡಿ. ಅಲ್ಲಿ ಬರೋದು ನೆಲ, ಕಟ್ಟಡ ಮಾತ್ರ. ಕಾರುಗಳು ಬ್ಯಾಲೆನ್ಸ್ ಶೀಟಿನ ‘ರೆವೆನ್ಯೂ ಅರ್ನಿಂಗ್ ವೆಹಿಕಲ್ಸ್’ ಸಾಲಿನಲ್ಲಿವೆ. ಇನ್ನು ಏರ್‌ಪೋರ್ಟ್ ಕೌಂಟರು, ಕಾರು ನಿಲ್ಲಿಸುವ ಜಾಗ ಹೆಚ್ಚಾಗಿ ಗುತ್ತಿಗೆ. ಸಾಮಾನ್ಯ ಕರಾರು ಹೀಗೆ: ಅಲ್ಲಿನ ವಹಿವಾಟಿನ ಇಂತಿಷ್ಟು ಶೇಕಡಾ ಅಥವಾ ವರ್ಷದ ಕನಿಷ್ಠ ಖಾತರಿ ಮೊತ್ತ, ಯಾವುದು ಹೆಚ್ಚೋ ಅದು.

ಉದಾಹರಣೆಗೆ ಶೇ. 10, ಖಾತರಿ 8 ಲಕ್ಷ ಡಾಲರ್ ಅಂತಿಟ್ಟುಕೊಳ್ಳಿ. ವಹಿವಾಟು 1 ಕೋಟಿ ಆದರೆ ಕಟ್ಟೋದು 10 ಲಕ್ಷ. ವಿಮಾನ ಹಾರಾಟ ಕುಸಿದು ವಹಿವಾಟು 40 ಲಕ್ಷಕ್ಕೆ ಇಳಿದರೆ 4 ಲಕ್ಷ ಕಟ್ಟಿ ಪಾರಾಗೋಕೆ ಆಗಲ್ಲ, 8 ಲಕ್ಷ ಕೊಡಲೇಬೇಕು. ಅಲ್ಲಿಗೆ ಶೇ. 20 ಆಯಿತು. ಖಾತರಿ ಮೊತ್ತ ಮಾತ್ರ ಲೀಸ್ ಸಾಲವಾಗಿ ಬ್ಯಾಲೆನ್ಸ್ ಶೀಟಿಗೆ ಬರುತ್ತದೆ, ಶೇಕಡಾವಾರು ಭಾಗ ಬರೋದಿಲ್ಲ. ಹಾಗಾಗಿ ಐಟಂ 2 ಬಿಟ್ಟು ಲೀಸ್ ಟಿಪ್ಪಣಿ ತೆರೆಯಿರಿ.

ಇನ್ನೊಂದು, ಎಲ್ಲರೂ ಮರೆಯೋದು: ಕಾರು ವಾಪಸ್ ತೆಗೆದುಕೊಳ್ಳುವ ಜಾಗಗಳ ಪೆಟ್ರೋಲ್ ಟ್ಯಾಂಕ್. ನೆಲದಡಿಯ ಟ್ಯಾಂಕ್ ಸೋರಿದರೆ ಮಣ್ಣು ಶುದ್ಧ ಮಾಡಿಸುವ ಖರ್ಚು ಜಾಗ ಗುತ್ತಿಗೆಗೆ ಪಡೆದ ಕಂಪನಿಯ ತಲೆಗೇ ಬರಬಹುದು.

ಹಳೇಗಾಡಿ:
1ಎಯಲ್ಲಿ ಸೈಬರ್ ದಾಳಿ, ಚಂಡಮಾರುತದಂಥವು ಎಲ್ಲ ಕಂಪನಿಯವರೂ ಬರೆಯುವ ಮಾತು. ಕಾಳು ಒಂದೇ: ಬಳಸಿದ ಕಾರನ್ನು ಮಾರುವಾಗ ಎಷ್ಟು ಸಿಗುತ್ತೆ?

ಸುಮ್ಮನೆ ಒಂದು ಲೆಕ್ಕ. 30,000 ಡಾಲರಿನ ಕಾರು, 18 ತಿಂಗಳ ನಂತರ 21,000ಕ್ಕೆ ಹೋಗುತ್ತೆ ಅನ್ನುವ ಅಂದಾಜು. ತಿಂಗಳಿಗೆ ಸವಕಳಿ 500. 12 ತಿಂಗಳು ಕಳೆದು ಪುಸ್ತಕದಲ್ಲಿ 24,000 ಉಳಿದಿದೆ. ಆಗ ಮಾರುಕಟ್ಟೆ ಬಿದ್ದು ಅಂದಾಜು 18,000 ಆಯಿತು ಅನ್ನಿ. ಉಳಿದ 6 ತಿಂಗಳಲ್ಲಿ 6,000 ಕಳೆಯಬೇಕು, ತಿಂಗಳಿಗೆ 1,000. ಬೆಲೆ ಬಿದ್ದದ್ದು ಮೂರು ಸಾವಿರ, ಸವಕಳಿ ಮಾತ್ರ ದುಪ್ಪಟ್ಟು. ತಯಾರಕರೇ ನಿಗದಿತ ಬೆಲೆಗೆ ವಾಪಸ್ ಕೊಳ್ಳುವ ‘ಪ್ರೋಗ್ರಾಂ’ ಕಾರಿಗೆ ಈ ತಲೆನೋವಿಲ್ಲ. ಅದಕ್ಕೇ ಪ್ರೋಗ್ರಾಂ ಕಾರುಗಳ ಪಾಲು ಎಷ್ಟಿದೆ ಅಂತ ಮೊದಲು ನೋಡಬೇಕು.

ಎರಡನೇ ಏಟು ಸಾಲದ ಕಡೆಯಿಂದ. ಕಾರುಗಳನ್ನು ಇಟ್ಟುಕೊಂಡಿರೋದು ಬೇರೊಂದು ಅಂಗಸಂಸ್ಥೆ. ಅದು ಬಾಂಡ್ ಮೇಲೆ ಹಣ ಎತ್ತಿ ಕಾರು ಕೊಂಡು, ಎಲ್ಲ ಕಾರಿಗೂ ಸೇರಿ ಒಂದೇ ಗುತ್ತಿಗೆ ಕರಾರು, ಅಂದರೆ ಮಾಸ್ಟರ್ ಲೀಸ್‌ನಡಿ ಹರ್ಟ್ಜ್‌ಗೆ ಕೊಡುತ್ತೆ. ಕಾರಿನ ಬೆಲೆ ಬಿದ್ದರೆ ಕೊರತೆಯನ್ನು ನಗದಾಗಿ ತುಂಬಬೇಕು. 2020ರ ಏಪ್ರಿಲ್‌ನಲ್ಲಿ ಲೀಸ್ ಕಂತು ತಪ್ಪಿತು, ಮೇ 22ಕ್ಕೆ ಚಾಪ್ಟರ್ 11, ಅಂದರೆ ದಿವಾಳಿ ರಕ್ಷಣೆ ಕೋರಿ ಅರ್ಜಿ. ಬೇಡದ ಕಾರುಗಳನ್ನಷ್ಟೇ ಲೀಸಿನಿಂದ ಬಿಡುತ್ತೇವೆ ಅಂತ ಹರ್ಟ್ಜ್ ಕೇಳಿತು. ಬಿಟ್ಟರೆ ಎಲ್ಲ, ಇಟ್ಟುಕೊಂಡರೆ ಎಲ್ಲ ಅಂತ ಸಾಲ ಕೊಟ್ಟವರು ಪಟ್ಟು ಹಿಡಿದರು. ಕೊನೆಗೆ ವರ್ಷಾಂತ್ಯದೊಳಗೆ 65 ಕೋಟಿ ಡಾಲರ್ ಕಟ್ಟೋದು, 1.82 ಲಕ್ಷಕ್ಕೂ ಹೆಚ್ಚು ಕಾರು ಮಾರೋದು ಅಂತ ರಾಜಿಯಾಯಿತು.

ಲೆಕ್ಕದಪುಸ್ತಕ:
ಹಾಗಾದರೆ ಹರ್ಟ್ಜ್ ಕೊಂಡ ಟೆಸ್ಲಾ ವಿದ್ಯುತ್ ಕಾರುಗಳ (ಇವಿ) ವಿಷಯವೂ ಇದೇ ಲೆಕ್ಕವಾ?

ಹಳೇಗಾಡಿ:
ಇದೇ. 2021ರ ಅಕ್ಟೋಬರ್‌ನಲ್ಲಿ 1 ಲಕ್ಷ ಟೆಸ್ಲಾ ಕೊಳ್ಳುತ್ತೇವೆ ಅಂದರು. 2023ರಲ್ಲಿ ಟೆಸ್ಲಾ ಹೊಸ ಕಾರಿನ ಬೆಲೆ ಇಳಿಸುತ್ತಾ ಹೋಯಿತು, ಹಳೆಯದರ ಬೆಲೆ ತಾನಾಗಿ ಬಿತ್ತು. ರಿಪೇರಿ ಖರ್ಚು ಬೇರೆ. 2024ರ ಜನವರಿಯಲ್ಲಿ 20,000 ಇವಿ ಮಾರುವ ಘೋಷಣೆ, ಅದಕ್ಕೆ ಸುಮಾರು 24.5 ಕೋಟಿ ಡಾಲರ್ ಹೆಚ್ಚುವರಿ ಸವಕಳಿ. ಆಮೇಲೆ ಸಂಖ್ಯೆ 30,000ಕ್ಕೆ ಏರಿತು.

ವಕಾಲತ್ತು:
ಐಟಂ 3 ‘ನೋಡಿ’ ಅಂತ ಹೇಳುವ ಟಿಪ್ಪಣಿಯ ಹೆಸರಲ್ಲಿ ‘ಕಂಟಿಂಜೆನ್ಸೀಸ್’ ಇರುತ್ತದೆ. ಅಲ್ಲಿ ಎರಡೇ ಮಾತು ಮುಖ್ಯ. ನಷ್ಟ ‘ಪ್ರಾಬಬಲ್’ (ಆಗುವ ಸಂಭವವೇ ಹೆಚ್ಚು), ಮೊತ್ತವನ್ನೂ ಅಂದಾಜಿಸಬಹುದು ಅಂದರೆ ಪುಸ್ತಕದಲ್ಲಿ ಹಣ ತೆಗೆದಿಟ್ಟಿರಬೇಕು. ‘ರೀಸನಬ್ಲಿ ಪಾಸಿಬಲ್’ (ಅಷ್ಟು ಖಚಿತವಲ್ಲ, ಆದರೆ ಆಗಬಹುದು) ಅಂದರೆ ಬರೆದು ತಿಳಿಸಿದರೆ ಸಾಕು. ಕಳೆದ ವರ್ಷದ ಟಿಪ್ಪಣಿಯನ್ನು ಪಕ್ಕದಲ್ಲಿಟ್ಟು ಯಾವ ಪದ ಬದಲಾಯಿತು ನೋಡಿ.

ಹರ್ಟ್ಜ್‌ನ ಎರಡು ಕೇಸು ಓದಲೇಬೇಕು. ಒಂದು, ಬಾಡಿಗೆಗೆ ಪಡೆದವರ ಮೇಲೆ ಕಾರು ಕಳವಿನ ದೂರು ಹೋಗಿ ಅಮಾಯಕರು ಬಂಧನಕ್ಕೊಳಗಾದರು ಅನ್ನುವ ದಾವೆಗಳು. ದೂರುಗಳ ಮೂಲ ಬಾಡಿಗೆ ದಾಖಲೆಯಲ್ಲಿ: ಅವಧಿ ವಿಸ್ತರಿಸಿದ್ದು ದಾಖಲಾಗದಿರುವುದು, ಕಾರು ಸಿಕ್ಕ ಮೇಲೂ ಪೊಲೀಸ್ ದೂರು ಹಿಂಪಡೆಯದೆ ಅದೇ ಕಾರನ್ನು ಇನ್ನೊಬ್ಬರಿಗೆ ಕೊಡುವುದು, ಇಂಥ ಆರೋಪಗಳು. 2022ರ ಡಿಸೆಂಬರ್‌ನಲ್ಲಿ 364 ದಾವೆಗಳಿಗೆ ಸುಮಾರು 16.8 ಕೋಟಿ ಡಾಲರ್‌ಗೆ ರಾಜಿ. ಸರಾಸರಿ ತಲಾ 4.6 ಲಕ್ಷ.

ಎರಡನೆಯದು ಬಾಂಡ್‌ದಾರರದು. ದಿವಾಳಿಯಿಂದ ಎದ್ದಾಗ ಷೇರುದಾರರಿಗೆ 100 ಕೋಟಿ ಡಾಲರ್ ಮೌಲ್ಯ ಸಿಕ್ಕಿತು. ಸಾಲ ತೀರಿಸುವ ಶಕ್ತಿಯಿದ್ದ ಕಂಪನಿ ನಮ್ಮ ಅವಧಿಪೂರ್ವ ಪ್ರೀಮಿಯಂ (ಬಾಂಡ್ ಹಣವನ್ನು ಅವಧಿಗೆ ಮೊದಲೇ ತೀರಿಸಿದರೆ ಕೊಡಬೇಕಾದ ಹೆಚ್ಚುವರಿ ಮೊತ್ತ) ಯಾಕೆ ನುಂಗಬೇಕು ಅನ್ನೋದು ವಾದ. 2024ರಲ್ಲಿ ಥರ್ಡ್ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ ಅವರ ಕಡೆ ತೀರ್ಪು ಕೊಟ್ಟಿತು. ಮೊತ್ತ ಸುಮಾರು 27 ಕೋಟಿ ಡಾಲರ್.

ಬಾಡಿಗೆದಾರ ಮಾಡಿದ ಅಪಘಾತಕ್ಕೆ, ಬರೀ ಮಾಲೀಕ ಅನ್ನುವ ಕಾರಣಕ್ಕೆ ಕಂಪನಿಯನ್ನು ಹೊಣೆ ಮಾಡದಂತೆ 2005ರ ಗ್ರೇವ್ಸ್ ತಿದ್ದುಪಡಿ ತಡೆಯುತ್ತದೆ. ಕಂಪನಿಯದೇ ನಿರ್ಲಕ್ಷ್ಯ ಇದ್ದರೆ ಆ ರಕ್ಷಣೆ ಇಲ್ಲ.

ಗುತ್ತಿಗೆಲೆಕ್ಕ:
ಇದೇ ಕನ್ನಡಕದಲ್ಲಿ ನಮ್ಮ ಬೆಂಗಳೂರಿನ ಝೂಮ್‌ಕಾರ್ ವರದಿ ಓದಿದರೆ ಎಡವುತ್ತೀರಿ. ಅದೂ 2023ರ ಡಿಸೆಂಬರ್‌ನಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಸೇರಿ 10-ಕೆ ಸಲ್ಲಿಸುವ ಕಂಪನಿಯೇ. ಆದರೆ ಅಲ್ಲಿ ಕಾರು ಬೇರೆ ಮಾಲೀಕರದ್ದು, ಸವಕಳಿ ಏಟು ಅವರಿಗೆ. ಲೆಕ್ಕದ ವರ್ಷವೂ ಮಾರ್ಚ್ 31ಕ್ಕೆ ಮುಗಿಯುತ್ತೆ, ಹರ್ಟ್ಜ್‌ನದು ಡಿಸೆಂಬರ್ 31ಕ್ಕೆ. ಅಂಕಿಗಳನ್ನು ಅಕ್ಕಪಕ್ಕ ಇಡುವ ಮೊದಲು ತ್ರೈಮಾಸಿಕ ಹೊಂದಿಸಿಕೊಳ್ಳಿ.