ಸೀಟು ಒಪ್ಪಿಕೊಳ್ಳೋಕೆ ಕೊನೆ ದಿನ ಮೇ 1 ಹತ್ತಿರ ಬಂತು, ಕಾಲೇಜಿನವರನ್ನ ಇನ್ನಷ್ಟು ಏಡ್ (ಹಣದ ನೆರವು) ಕೇಳಬಹುದಾ?

ಎಡಿಸನ್ ಅಮ್ಮ, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಎರಡು ಖಾಸಗಿ ಕಾಲೇಜಲ್ಲಿ ಸೀಟು ಸಿಕ್ಕಿದೆ. ಅವಳು ಮನಸ್ಸಿಟ್ಟಿರೋ ಕಾಲೇಜಿಗೆ ವರ್ಷಕ್ಕೆ 84,000 ಡಾಲರ್ ಖರ್ಚು, ಗ್ರಾಂಟ್ (ವಾಪಸ್ ಕಟ್ಟಬೇಕಿಲ್ಲದ ನೆರವು) 21,000. ಇನ್ನೊಂದು ಕಡೆ 81,000 ಖರ್ಚಿಗೆ 36,000 ಗ್ರಾಂಟ್. ಏಡ್‌ಗೆ ಹಾಕೋ ಸರ್ಕಾರಿ ಅರ್ಜಿ ಫ್ಯಾಫ್ಸಾ, 2025-26ಕ್ಕೆ ಅದರಲ್ಲಿ ನೋಡಿದ್ದು 2023ರ ಆದಾಯ. ಆಗ ಇಬ್ಬರಿಗೂ ಕೆಲಸ ಇತ್ತು. ನಮ್ಮವರ ಕೆಲಸ ಈ ಜನವರಿಯಲ್ಲಿ ಹೋಯ್ತು. ಮೈಸೂರಲ್ಲಿ ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಆ ದುಡ್ಡೂ ಇಲ್ಲಿಂದಲೇ ಹೋಗಬೇಕು. ಜಾಸ್ತಿ ಕೇಳಿದ್ರೆ ಸೀಟೇ ಕಿತ್ಕೊಂಡುಬಿಟ್ಟಾರು ಅಂತ ಇವರಿಗೆ ಭಯ. ನಂಗೂ ಕೈ ಚಾಚೋಕೆ ಮುಜುಗರ. ಯಾರಾದ್ರೂ ಕೇಳಿ ನೋಡಿದ್ದೀರಾ?

ಕೊಲಂಬಸ್ ಅಪ್ಪ

ಧೈರ್ಯವಾಗಿ ಕೇಳಿ ಮೇಡಂ. ಸೀಟು ಕೊಡೋ ಆಫೀಸೇ ಬೇರೆ, ಏಡ್ ಆಫೀಸೇ ಬೇರೆ. ಮಗನ ಸಲ ನಾನು ಮೊದಲು ಬರೀ ಕಷ್ಟ ಹೇಳ್ಕೊಂಡು ಎರಡು ಪುಟ ಬರೆದೆ, ಆಗಲ್ಲ ಅಂದ್ರು. ಆಮೇಲೆ ಲೇಆಫ್ ಲೆಟರ್, ಅನ್‌ಎಂಪ್ಲಾಯ್‌ಮೆಂಟ್ ಕಾಗದ, ಆ ವರ್ಷದ ಅಂದಾಜು ಆದಾಯ, ಎಲ್ಲಾ ಒಟ್ಟಿಗೆ ಕಳಿಸಿದೆ. 9,000 ಜಾಸ್ತಿ ಮಾಡಿದ್ರು. ಒಂದು ಮಾತು: ಚೌಕಾಸಿ ಥರ ಬರೀಬೇಡಿ, ಅಪೀಲ್ ಅಂತಲೇ ಬರೀರಿ.

ಏಡ್ ಆಫೀಸಲ್ಲಿದ್ದವಳು

ಆರು ವರ್ಷ ಇಂಥ ಪತ್ರಗಳನ್ನೇ ಓದ್ತಿದ್ದೆ. ಮುಜುಗರ ಬೇಡಮ್ಮ. ಕೆಲಸ ಹೋದವರ ಲೆಕ್ಕ ತಿದ್ದೋ ಅಧಿಕಾರವನ್ನ ಕಾನೂನೇ ಏಡ್ ಆಫೀಸಿಗೆ ಕೊಟ್ಟಿದೆ, ಪ್ರೊಫೆಷನಲ್ ಜಡ್ಜ್‌ಮೆಂಟ್ ಅಂತ ಅದರ ಹೆಸರು. ಊರಿಗೆ ಕಳಿಸೋ ಹಣ ಬರೆಯೋಕೆ ಫ್ಯಾಫ್ಸಾದಲ್ಲಿ ಜಾಗ ಇಲ್ಲ, ನೀವು ಹೇಳದಿದ್ರೆ ಅವರಿಗೆ ಗೊತ್ತಾಗೋದೇ ಇಲ್ಲ. ಆಸ್ಪತ್ರೆ ಬಿಲ್, ದುಡ್ಡು ಕಳಿಸಿದ ರಸೀದಿ ಸೇರಿಸಿ, ರೂಪಾಯಿ ಪಕ್ಕ ಡಾಲರ್ ಬರೆದಿಡಿ. ಎರಡನೇ ಕಾಲೇಜಿನ ಆಫರ್ ಲೆಟರೂ ಇರಲಿ. ಆದ್ರೆ ಆ 36,000 ಮೆರಿಟ್ಟೋ (ಅಂಕ, ಪ್ರತಿಭೆ ನೋಡಿ ಕೊಡೋದು), ನೀಡ್-ಬೇಸ್ಡೋ (ಮನೆಯ ಹಣದ ಅಗತ್ಯ ನೋಡಿ ಕೊಡೋದು) ನೋಡ್ಕೊಳ್ಳಿ. ಹಾರ್ವರ್ಡ್, ಯೇಲ್ ಥರದ ಐವಿ ಲೀಗ್‌ನವರು ಮೆರಿಟ್ ಕೊಡೋದೇ ಇಲ್ಲ, ಅಲ್ಲಿ ಮೆರಿಟ್ ಲೆಟರ್ ತೋರಿಸಿ ಫಲ ಇಲ್ಲ. ಮೊದಲ ವರ್ಷದ ಫೆಡರಲ್ ಸಾಲ 5,500 ಡಾಲರನ್ನೂ ಎಷ್ಟೋ ಕಡೆ ಏಡ್ ಅಂತ ಕೂಡಿಸಿ ತೋರಿಸ್ತಾರೆ. ಅದನ್ನ ಕಳೆದು ಹೋಲಿಸಿ. ಗ್ರಾಂಟ್ ನಾಲ್ಕೂ ವರ್ಷ ಇರತ್ತಾ ಅಂತ ಬರವಣಿಗೆಯಲ್ಲೇ ಕೇಳಿ.

ಎಡಿಸನ್ ಅಮ್ಮ

ಇಬ್ಬರಿಗೂ ತುಂಬಾ ಉಪಕಾರ ಆಯ್ತು. ನಾದಿನಿ ಬಿಲ್‌ಗಳ ಫೋಟೋ ವಾಟ್ಸಾಪಲ್ಲಿ ಕಳಿಸಿದ್ಲು. ಪತ್ರ ಮಗಳು ಬರೀಬೇಕಾ, ನಾವಾ?

ಏಡ್ ಆಫೀಸಲ್ಲಿದ್ದವಳು

ಆದಾಯ ನಿಮ್ಮದು, ನೀವೇ ಬರೀರಿ. ಮಗಳ ಸ್ಟೂಡೆಂಟ್ ಐಡಿ ಮೊದಲ ಸಾಲಲ್ಲೇ ಇರಲಿ. ನಾಳೆಯೇ ಕಳಿಸಿ, ಏಪ್ರಿಲ್ ಕೊನೆಗೆ ಅಲ್ಲಿ ಕಾಗದದ ರಾಶಿ ಬಿದ್ದಿರತ್ತೆ.