ಹೊಸ ಸ್ಲಾಲಮ್ ಸ್ಕೀಯನ್ನು ಕೈಬಿಡುವುದು ಯಾವಾಗ?

ಪ್ರಶ್ನೆ (ಬರೆದವರು: ಹಗ್ಗದತುದಿ)

ಆರು ವಾರಗಳ ಹಿಂದೆ ವಾಟರ್ ಸ್ಕೀಯಿಂಗ್‌ಗಾಗಿ ಹೊಸ ಸ್ಲಾಲಮ್ ಸ್ಕೀ ಒಂದನ್ನು ಕೊಂಡೆ. ದೋಣಿ ಎಳೆಯುವ ಹಗ್ಗ ಹಿಡಿದು, ನೀರಿನಲ್ಲಿ ತೇಲುವ ಆರು ಚೆಂಡುಗಳನ್ನು ಸುತ್ತಿ ಸಾಗಲು ಎರಡೂ ಕಾಲಿಟ್ಟು ನಿಲ್ಲುವ ಒಂಟಿ ಸ್ಕೀ ಇದು. ಹಳೆಯದರ ಮೇಲೆ ಐದು ವರ್ಷ ಕಳೆದಿದ್ದೆ. ಗಂಟೆಗೆ 55 ಕಿ.ಮೀ. ವೇಗದಲ್ಲಿ, 14.25 ಮೀಟರ್ ಹಗ್ಗದಲ್ಲಿ ಆರೂ ಚೆಂಡುಗಳನ್ನು ಸುತ್ತಿ ಹೊರಬರುವುದು ಹೆಚ್ಚುಕಡಿಮೆ ಖಾತ್ರಿಯಿತ್ತು. ಹಗ್ಗ ಗಿಡ್ಡವಾದಷ್ಟೂ ಆಟ ಕಷ್ಟ, 13 ಮೀಟರಿಗೆ ಇಳಿಸಿದರೆ ಮೂರೋ ನಾಲ್ಕೋ ಸಿಗುತ್ತಿದ್ದವು. ಹೊಸದರ ಮೇಲೆ ನಿಂತ ಮೊದಲ ದಿನವೇ 13 ಮೀಟರಿನಲ್ಲಿ ಐದು ಚೆಂಡು ಸಿಕ್ಕಾಗ ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದ್ದರು.

ಎರಡನೆಯ ವಾರದಿಂದ ಎಲ್ಲವೂ ಇಳಿಮುಖವಾಯಿತು. ಈಗ 16 ಮೀಟರಿನಲ್ಲೇ ತಿಣುಕಾಡುತ್ತಿದ್ದೇನೆ. ಸುಲಭದ ಬದಿಯ, ಅಂದರೆ ಆನ್‌ಸೈಡ್ ತಿರುವು ಸೊಗಸಾಗಿದೆ. ಆದರೆ ಕಷ್ಟದ ಬದಿಯಾದ ಆಫ್‌ಸೈಡಿನಲ್ಲಿ, ಅಂದರೆ ನನ್ನ ಪಾಲಿಗೆ ಎರಡು, ನಾಲ್ಕು ಮತ್ತು ಆರನೆಯ ಚೆಂಡುಗಳ ಬಳಿ, ಸ್ಕೀಯ ಮೂತಿ ನೀರಿನಿಂದ ಮೇಲೆದ್ದು, ತಿರುವು ಮುಗಿಯುವ ಮೊದಲೇ ಹಗ್ಗ ಸಡಿಲಗೊಂಡು, ಮರುಕ್ಷಣ ಒಮ್ಮೆಲೇ ಬಿಗಿದು ಭುಜವೇ ಕಿತ್ತುಬರುವಂತೆ ಎಳೆಯುತ್ತದೆ. ಸ್ಕೀಯ ಬಾಲದ ಅಡಿಯಲ್ಲಿರುವ ತಗಡನ್ನು, ಅಂದರೆ ಫಿನ್ ಅನ್ನು ನಾಲ್ಕು ಬಾರಿ ಸರಿಸಿ ನೋಡಿದೆ, ಅದಕ್ಕೆ ಅಡ್ಡಲಾಗಿ ಕೂರಿಸಿದ ಪುಟ್ಟ ರೆಕ್ಕೆಯ ಕೋನವನ್ನೂ ಒಮ್ಮೆ ಬದಲಿಸಿದೆ. ಇಂತಹ ಸ್ಕೀಗೆ ಎಷ್ಟು ಸುತ್ತುಗಳ (ಒಮ್ಮೆ ನೀರಿಗಿಳಿದು ಮಾಡುವ ಹಲವು ಓಟಗಳು ಸೇರಿ ಒಂದು ಸುತ್ತು) ಅವಕಾಶ ಕೊಡುವುದು ನ್ಯಾಯ, ಮತ್ತು ಇದು ನನಗೆ ಒಗ್ಗುವುದಿಲ್ಲವೆಂದು ಯಾವ ಲಕ್ಷಣದಿಂದ ತಿಳಿಯಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ (ಬರೆದವರು: ಆರನೆಯ ಚೆಂಡು)

ಮೊದಲ ದಿನದ ಆ ಐದು ಚೆಂಡುಗಳನ್ನು ಲೆಕ್ಕದಿಂದ ತೆಗೆದುಬಿಡಿ. ಹೊಸ ಸ್ಕೀಯ ಮೇಲೆ ಮೊದಲ ಬಾರಿ ನಿಂತಾಗ ಅದು ಏನು ಮಾಡೀತೋ ಎಂಬ ಅಳುಕಿನಿಂದ ಮೊಣಕಾಲು ಮಡಿಸಿ, ಕಣ್ಣೆತ್ತಿ, ಪ್ರತಿ ತಿರುವಿಗೂ ಕಾದು ಆಡುತ್ತೇವೆ. ಪರಿಚಯವಾದಂತೆ ಆ ಎಚ್ಚರ ಸಡಿಲವಾಗಿ ಹಳೆಯ ಚಾಳಿಗಳು ಮರಳುತ್ತವೆ. ಆ ಚಾಳಿಗಳನ್ನು ಹಳೆಯ ಸ್ಕೀ ಸಹಿಸಿಕೊಳ್ಳುತ್ತಿತ್ತು, ಹೊಸದು ಸಹಿಸುವುದಿಲ್ಲ. ಎರಡನೆಯ ವಾರದ ಇಳಿಮುಖ ಬಹುತೇಕ ಎಲ್ಲರ ಕಥೆ.

ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಕೊನೆಯ ಮಾತು. ಆರು ವಾರಗಳಲ್ಲಿ ಐದು ಬದಲಾವಣೆ ಮಾಡಿದ್ದೀರಿ ಎಂದರೆ, ನೀವು ಪರೀಕ್ಷಿಸಿದ್ದು ಒಂದು ಸ್ಕೀಯನ್ನಲ್ಲ, ಆರು ಸ್ಕೀಗಳನ್ನು. ಫಿನ್‌ನ ಅಳತೆಯನ್ನು ಅಂಗುಲದ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಬರೆದಿಡುವುದು ಒಣ ಶಿಸ್ತಿಗಾಗಿ ಅಲ್ಲ. ಅಂತಹ ಐದೋ ಹತ್ತೋ ಭಾಗಗಳಷ್ಟು ಸರಿದರೂ ಕಾಲಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆಳ ಕಡಿಮೆಯಾದರೆ ಬಾಲ ಸುಲಭವಾಗಿ ಜಾರುತ್ತದೆ, ಹೆಚ್ಚಾದರೆ ನೀರನ್ನು ಹಿಡಿದು ನಿಲ್ಲುತ್ತದೆ. ಎರಡು ಅಳತೆಗಳನ್ನು ಒಟ್ಟಿಗೆ ಬದಲಿಸಿದವರಿಗೆ ಯಾವುದು ಏನು ಮಾಡಿತೆಂದು ಎಂದಿಗೂ ತಿಳಿಯುವುದಿಲ್ಲ.

ಆದ್ದರಿಂದ ಇಂದೇ ಎಲ್ಲವನ್ನೂ ತಯಾರಕರು ಹೇಳಿದ ಅಳತೆಗೆ ಮರಳಿಸಿ. ಫಿನ್‌ನ ಉದ್ದ, ಆಳ, ಬಾಲದಿಂದ ಇರುವ ದೂರ, ಈ ಮೂರನ್ನೂ ಕ್ಯಾಲಿಪರ್ ಹಿಡಿದು, ರೆಕ್ಕೆಯ ಕೋನವನ್ನು ಕೋನಮಾಪಕದಿಂದ ನೀವೇ ಅಳೆಯಿರಿ. ಉದ್ದವನ್ನು ಕ್ಯಾಲಿಪರಿನ ತುದಿಯಿಂದ ಅಳೆಯುವುದಕ್ಕೂ ದವಡೆಯಿಂದ ಅಳೆಯುವುದಕ್ಕೂ ಬೇರೆ ಬೇರೆ ಸಂಖ್ಯೆ ಬರುವುದರಿಂದ, ತಯಾರಕರ ಪಟ್ಟಿ ಯಾವ ಕ್ರಮದ್ದೆಂದು ನೋಡಿಕೊಳ್ಳಿ. ಸ್ಕ್ರೂ ಬಿಗಿಯುವಾಗಲೂ ಫಿನ್ ಕೂದಲೆಳೆಯಷ್ಟು ಸರಿಯುತ್ತದೆ. ಬಿಗಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಅನಂತರ ಮುಂದಿರುವ ಕಾಲಿನ ಬೂಟಿನ ಸ್ಥಾನವನ್ನು ನೋಡಿ. ನೀವು ಅದರ ಮಾತನ್ನೇ ಎತ್ತಿಲ್ಲ, ನನ್ನ ಅನುಮಾನವಿರುವುದು ಅಲ್ಲಿಯೇ.

ಗಾತ್ರವನ್ನೂ ಒಮ್ಮೆ ಪರಿಶೀಲಿಸಿ. ಸ್ಕೀಯ ಉದ್ದ ಮೈತೂಕವೊಂದನ್ನೇ ಅಲ್ಲ, ವೇಗವನ್ನೂ ಅವಲಂಬಿಸಿದೆ. 58 ಕಿ.ಮೀ. ವೇಗದಲ್ಲಿ ಒಬ್ಬರನ್ನು ಚೆನ್ನಾಗಿ ಹೊರುವ ಸ್ಕೀ, ಅಷ್ಟೇ ತೂಕದವರ ಕೆಳಗೆ 52ರಲ್ಲಿ ಹೂತುಕೊಂಡು ಕೂರುತ್ತದೆ. ಗಾತ್ರ ತಪ್ಪಿದ್ದರೆ ಯಾವ ಫಿನ್ ಜಾಣತನವೂ ಕೆಲಸಕ್ಕೆ ಬಾರದು. ಅಂತಹ ಸ್ಕೀಯನ್ನು ಆ ದಿನವೇ ಬಿಡಬಹುದು.

ಇವೆಲ್ಲ ಸರಿಯಿದ್ದರೆ ಹತ್ತು ಸುತ್ತು ಯಾವುದನ್ನೂ ಮುಟ್ಟದೆ ಆಡಿ. ಪ್ರತಿ ಓಟದ ಚೆಂಡುಗಳ ಸಂಖ್ಯೆಯ ಪಕ್ಕದಲ್ಲಿ, ಎಲ್ಲಿ ತಪ್ಪಿತು ಎಂಬುದನ್ನೂ ಬರೆದಿಡಿ. ತಪ್ಪು ಪ್ರತಿ ಬಾರಿಯೂ ಬೇರೆಡೆಯಾಗುತ್ತಿದ್ದರೆ, ಒಮ್ಮೆ ಆರಂಭದ ಗೇಟಿನಲ್ಲಿ, ಒಮ್ಮೆ ಮೂರನೆಯ ಚೆಂಡಿನಲ್ಲಿ, ಒಮ್ಮೆ ದೋಣಿಯ ಅಲೆ ದಾಟುವಾಗ, ಅದು ಕಲಿಯುತ್ತಿರುವವರ ಲಕ್ಷಣ, ಕಾಯಿರಿ. ಚೆನ್ನಾಗಿ ನಿಂತ ದಿನವೂ, ಸುಸ್ತಾದ ದಿನವೂ ಅದೇ ಜಾಗದಲ್ಲಿ ಅದೇ ತಪ್ಪು ನಡೆಯುತ್ತಿದ್ದರೆ ಒಂದೇ ಒಂದು ಅಳತೆಯನ್ನು ಬದಲಿಸಿ ಇನ್ನೂ ನಾಲ್ಕು ಸುತ್ತು ಆಡಿ. ಆಗಲೂ ಕದಲದಿದ್ದರೆ ಬಿಡುವುದೇ ಸರಿ. ತೂಗಿ ನೋಡಬೇಕಾದದ್ದು ಸರಾಸರಿಯನ್ನು. ಅತ್ಯುತ್ತಮ ಓಟವನ್ನು ನಂಬಿ ಸ್ಕೀ ಇಟ್ಟುಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಉತ್ತರ (ಬರೆದವರು: ಗಾಜಿನನೀರು)

ಮೇಲಿನವರ ಮಾತಿಗೆ ನನ್ನ ಸಹಮತವಿದೆ, ಹತ್ತು ಸುತ್ತಿನ ಲೆಕ್ಕವೊಂದನ್ನು ಬಿಟ್ಟು. ವಾರಕ್ಕೆ ಐದು ಸುತ್ತು ಆಡುವವರಿಗೂ ಒಂದೇ ಸುತ್ತು ಆಡುವವರಿಗೂ ಹತ್ತು ಎಂಬುದು ಒಂದೇ ಅಲ್ಲ. ಒಂದೊಂದೇ ಸುತ್ತಿನಂತೆ ಎರಡೂವರೆ ತಿಂಗಳು ಹರಡಿದರೆ ಕಾಲಿಗೆ ನೆನಪೇ ಉಳಿಯುವುದಿಲ್ಲ. ಅಂತಹವರು ತೀರ್ಮಾನಕ್ಕೆ ಇನ್ನಷ್ಟು ಕಾಯಬೇಕು.

ಇನ್ನೊಂದು ಎಚ್ಚರಿಕೆ: ಈ ಅವಧಿಯಲ್ಲಿ ಹಳೆಯ ಸ್ಕೀಯನ್ನು ದೋಣಿಗೆ ತರಲೇಬೇಡಿ. ಎರಡು ಕೆಟ್ಟ ಓಟಗಳಾದ ಕೂಡಲೇ ಕೈ ಅದರತ್ತ ಹೋಗುತ್ತದೆ, ಹೊಸದಕ್ಕೆ ಅರ್ಧ ಒಗ್ಗಿದ ಮೈ ಮತ್ತೆ ಹಿಂದಕ್ಕೆ ಹೋಗುತ್ತದೆ. ಪರೀಕ್ಷೆಯೆಲ್ಲ ಮುಗಿದ ಮೇಲೆ, ಒಂದೇ ದಿನ, ಅದೇ ನೀರಿನಲ್ಲಿ, ಅದೇ ಚಾಲಕರೊಡನೆ ಹಳೆಯದನ್ನು ಏರಿ ನೋಡಿ. ಹಳೆಯದು ಅಷ್ಟೇನೂ ಚೆನ್ನಾಗಿಲ್ಲವೆಂದು ಅನ್ನಿಸಿದರೆ ಉತ್ತರ ಸಿಕ್ಕಿತು.

ನಾನು ಒಂದು ಸ್ಕೀಯನ್ನು ಎರಡು ವರ್ಷ ಬಿಡದೆ ಹಿಡಿದುಕೊಂಡಿದ್ದೆ. ಅದನ್ನು ಹೊಗಳಿ ಹತ್ತು ಜನರನ್ನು ಕೊಳ್ಳುವಂತೆ ಒಪ್ಪಿಸಿದ್ದೆನಲ್ಲ, ಬಿಡಲು ನಾಚಿಕೆ. ಕೊನೆಗೆ ಗೆಳೆಯರೊಬ್ಬರಿಗೆ ಕೊಟ್ಟೆ. ಅವರು ಮೂರನೆಯ ವಾರ ಅದರ ಮೇಲೆ ತಮ್ಮ ಅತ್ಯುತ್ತಮ ಓಟ ಮಾಡಿ, ಸ್ಕೀಯಲ್ಲಿ ದೋಷವಿಲ್ಲವೆಂದು ನನಗೇ ಹೇಳಿದರು. 1922ರಲ್ಲಿ ಈ ಆಟವನ್ನು ಆರಂಭಿಸಿದ ರಾಲ್ಫ್ ಸ್ಯಾಮ್ಯುಯೆಲ್ಸನ್ ಪೀಪಾಯಿಯ ಹಲಗೆಗಳನ್ನು ಕಟ್ಟಿಕೊಂಡು ನೋಡಿ ಬಿಟ್ಟರು, ಹಿಮದ ಸ್ಕೀಗಳನ್ನೂ ನೋಡಿ ಬಿಟ್ಟರು, ಆಮೇಲೆ ಮರದ ಹಲಗೆಗಳ ಮೂತಿಯನ್ನು ತಾವೇ ಬಾಗಿಸಿಕೊಂಡು ನೀರಿನ ಮೇಲೆ ಎದ್ದು ನಿಂತರು. ಅವರಿಗೆ ನನ್ನಷ್ಟು ನಾಚಿಕೆಯಿರಲಿಲ್ಲವೆಂದು ಕಾಣುತ್ತದೆ.

ಪ್ರಶ್ನೆ ಕೇಳಿದವರ ಮರುಬರಹ (ಮೂರು ವಾರಗಳ ಅನಂತರ)

ಇಬ್ಬರಿಗೂ ಧನ್ಯವಾದಗಳು. ಬೂಟಿನ ಬಗೆಗಿನ ಅನುಮಾನ ಸರಿಯಾಗಿತ್ತು. ಹಳೆಯ ಬೂಟುಗಳನ್ನೇ ಹೊಸ ಸ್ಕೀಗೆ ಹಾಕಿಸಿಕೊಂಡು, ಬಾಲದಿಂದ ಹಿಮ್ಮಡಿಯವರೆಗಿನ ದೂರವನ್ನು ಹಳೆಯ ಸ್ಕೀಯಲ್ಲಿ ಇದ್ದಂತೆಯೇ ಇಟ್ಟಿದ್ದೆ. ತಯಾರಕರ ಹಾಳೆ ತೆಗೆದು ನೋಡಿದರೆ ಈ ಸ್ಕೀಯಲ್ಲಿ ಬೂಟು ಒಂದು ರಂಧ್ರ ಮುಂದಿರಬೇಕಿತ್ತು. ಅಷ್ಟು ಹಿಂದೆ ನಿಂತವನ ಕೆಳಗೆ ಮೂತಿ ಮೇಲೇಳದೆ ಇನ್ನೇನಾಗುತ್ತದೆ! ಅದನ್ನು ಮುಚ್ಚಿಕೊಳ್ಳಲು ನಾನು ಫಿನ್ ಜೊತೆ ಗುದ್ದಾಡುತ್ತಿದ್ದೆ.

ಬೂಟನ್ನು ಸರಿಸಿ, ಫಿನ್ ಅನ್ನು ಮೂಲ ಅಳತೆಗೆ ತಂದು ಒಂಬತ್ತು ಸುತ್ತು ಆಡಿದ್ದೇನೆ. 16 ಮೀಟರ್ ಒಮ್ಮೆಯೂ ತಪ್ಪಿಲ್ಲ. 14.25ರಲ್ಲಿ ಹನ್ನೆರಡು ಓಟಗಳಲ್ಲಿ ಏಳು ಪೂರ್ತಿಯಾದವು. ತಪ್ಪಿದ ಐದರಲ್ಲಿ ಎರಡು ಆಫ್‌ಸೈಡಿನವು, ಎರಡರಲ್ಲಿ ಗೇಟಿಗೆ ತಡವಾಗಿ ಎಳೆದೆ, ಇನ್ನೊಂದರಲ್ಲಿ ಹಿಡಿಕೆಯೇ ಜಾರಿತು. ಹಳೆಯ ಮಟ್ಟಕ್ಕೆ ಇನ್ನೂ ಮುಟ್ಟಿಲ್ಲ. ಆದರೆ ತಪ್ಪುಗಳು ಚದುರಿವೆ, ಹಾಗಾಗಿ ಸದ್ಯಕ್ಕೆ ಬಿಡುವುದಿಲ್ಲ.

ಉತ್ತರ (ಬರೆದವರು: ಆರನೆಯ ಚೆಂಡು)

ಸಂತೋಷವಾಯಿತು. ಇನ್ನು ಹತ್ತು ಸುತ್ತುಗಳ ಅನಂತರ 14.25ರ ಲೆಕ್ಕವನ್ನು ಮತ್ತೆ ಬರೆಯಿರಿ, ಆದರೆ ನೀರು ತಣ್ಣಗಾಗುವ ಮೊದಲೇ ಮುಗಿಸಿಕೊಳ್ಳಿ. ತಣ್ಣೀರಿನಲ್ಲಿ ಅದೇ ಅಳತೆಯ ಸ್ಕೀ ಬೇರೆಯೇ ರೀತಿ ವರ್ತಿಸುತ್ತದೆ, ಆಗ ಬರೆದ ಸಂಖ್ಯೆಗಳನ್ನು ಈಗಿನವುಗಳ ಪಕ್ಕದಲ್ಲಿಟ್ಟು ನೋಡಲಾಗದು. ಹಿಡಿಕೆ ಜಾರಿದ ಓಟವನ್ನು ಹೊಡೆದುಹಾಕಿ. ಅದು ಕೈಗವಸಿನ ತಪ್ಪು.