ಬೇಳೆ ಮಿಲ್‌ನಲ್ಲಿ ಕೆಲಸಗಾರರ ಸುರಕ್ಷತೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ, ಕಲಬುರಗಿಯಿಂದ:
ನಮ್ಮ ಮಾವನವರ ತೊಗರಿ ಬೇಳೆ ಮಿಲ್ ಇನ್ಮುಂದೆ ನಾನೇ ನೋಡಿಕೊಳ್ಳಬೇಕು. ಸೀಸನ್‌ನಲ್ಲಿ ಮೂವತ್ತರ ಆಸುಪಾಸು ಜನ ಇರ್ತಾರೆ, ಹೆಣ್ಣುಮಕ್ಕಳು, ಹಮಾಲರು ಎಲ್ಲ ಸೇರಿ. ಗೋಡೆ ಮೇಲೆ ‘ಸುರಕ್ಷತೆ ಮೊದಲು’ ಅಂತ ಬೋರ್ಡ್ ಇದೆ, ಅಷ್ಟೇ. ಹೆಲ್ಮೆಟ್, ಗ್ಲೌಸ್ ತರಿಸಲಾ? ಅನುಭವ ಇದ್ದವರು ಹೇಳಿ.

ಮಿಲ್ ಫಿಟ್ಟರ್:
ಗ್ಲೌಸ್‌ಗೆ ಅವಸರ ಮಾಡಬೇಡಿ. ತಿರುಗುವ ರೋಲರ್, ಪಟ್ಟಾದ ಹತ್ತಿರ ಗ್ಲೌಸ್ ಹಾಕಿದ ಕೈಯೇ ಬೇಗ ಸಿಕ್ಕಿಬೀಳುತ್ತದೆ. ಬಟ್ಟೆಯ ತುದಿ ಹಿಡಿದರೆ ಸಾಕು, ಕೈ ಹಿಂದೆಯೇ ಹೋಗುತ್ತದೆ.

ನಾನು ನೋಡಿದ ಮಟ್ಟಿಗೆ ಮಷೀನು ಸರಾಗವಾಗಿ ಓಡುವಾಗ ಅನಾಹುತ ಕಮ್ಮಿ. ಕಾಳು ಮೇಲಕ್ಕೆ ಸಾಗಿಸುವ ಎಲಿವೇಟರ್ ಜಾಮ್ ಆದಾಗ, ಪಟ್ಟಾ ಜಾರಿದಾಗ, ಕರೆಂಟ್ ಹೋದಾಗ ಆಗುತ್ತದೆ. ಸದ್ದು ನಿಂತ ಕೂಡಲೇ ‘ಈಗ ಕಸ ತೆಗೆದುಬಿಡೋಣ’ ಅಂತ ಕೈ ಹಾಕ್ತಾರೆ. ಕರೆಂಟ್ ಹೇಳಿ ಬರುತ್ತಾ? ಸ್ಟಾರ್ಟರ್‌ನ ನೋ-ವೋಲ್ಟ್ ಕಾಯಿಲ್ (ಕರೆಂಟ್ ಹೋದ ಕೂಡಲೇ ಸ್ಟಾರ್ಟರ್ ಬಿಡಿಸುವ ಭಾಗ) ಸರಿ ಇದ್ದರೆ ಮೋಟಾರ್ ತಾನಾಗಿ ಶುರುವಾಗಲ್ಲ. ಆದರೆ ‘ಪದೇ ಪದೇ ಯಾರು ಒತ್ತೋರು’ ಅಂತ ಹಸಿರು ಬಟನ್‌ಗೆ ಕಟ್ಟಿಗೆ ಚೂರು ಸಿಗಿಸಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಮೊದಲು ಅದನ್ನು ಕಿತ್ತುಹಾಕಿ.

ನಮ್ಮಲ್ಲಿರುವ ಪದ್ಧತಿ ಇದು. ಜಾಮ್ ಬಿಡಿಸುವವನು ಮೇನ್ ಆಫ್ ಮಾಡಿ, ಆ ಮಷೀನಿನ ಫ್ಯೂಜ್ ಕಿತ್ತು ತನ್ನ ಜೇಬಿಗೇ ಹಾಕ್ಕೋಬೇಕು. ಕೆಲಸ ಮುಗಿದ ಮೇಲೆ ಅವನೇ ಹಾಕಬೇಕು. ಮಾಲೀಕರು ಬಂದು ಕೇಳಿದರೂ ಬೇರೆಯವರ ಕೈಗೆ ಕೊಡೋ ಹಾಗಿಲ್ಲ. ಫ್ಯೂಜ್ ಇಲ್ಲದೆ ಸ್ವಿಚ್ ಇದ್ದರೆ ಅದಕ್ಕೆ ಬೀಗ, ಕೀ ಅವನ ಹತ್ತಿರ. ಪಟ್ಟಾಕ್ಕೆ ಜಾಲರಿ ಹಾಕಿಸುವಾಗ ಗ್ರೀಸ್ ತುಂಬುವ ನಿಪ್ಪಲ್ ಹೊರಗೆ ಬರುವ ಹಾಗೆ ಮಾಡಿಸಿ. ಇಲ್ಲಾಂದ್ರೆ ಗ್ರೀಸ್ ಹಾಕಲು ಬಿಚ್ಚಿದ ಜಾಲರಿ ಮತ್ತೆ ಪಟ್ಟಾದ ಮೇಲೆ ಬರಲ್ಲ, ಮೂಲೆ ಸೇರುತ್ತದೆ.

ಒಣಗಿಸುವ ಅಂಗಳದ ಮೇಸ್ತ್ರಿಣಿ:
ಸೆರಗಿನ ಮೇಲೆ ತೊಡುವ ಗಿಡ್ಡ ಕೋಟು ಹೊಲಿಸಿಕೊಡಿ, ಬೆನ್ನ ಹಿಂದೆ ಗುಂಡಿ ಇರಲಿ. ಅದು ಸುಲಭದ ಕೆಲಸ. ಕಷ್ಟದ್ದು ಬಿಸಿಲು. ಎಣ್ಣೆ ಹಚ್ಚಿದ ತೊಗರಿಯನ್ನು ಅಂಗಳದಲ್ಲಿ ಹರವಿ, ಕಾಲಲ್ಲಿ ತಿರುವುವ ಕೆಲಸ ನಮ್ಮದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಫ್ಯಾನ್ ಕೆಳಗೆ ಕೂರುವವರಿಗೇ ಹಾಗಿದ್ದರೆ ಅಂಗಳದವರಿಗೆ ಯಾಕಿಲ್ಲ? ನಸುಕಿನಲ್ಲಿ ಹರವಿ, ಹನ್ನೆರಡರಿಂದ ನಾಲ್ಕರವರೆಗೆ ನೆರಳಿನ ಕೆಲಸ ಕೊಡಿ.

ಇನ್ನೊಂದು ಮಾತು, ಗಂಡಸರು ಗಮನಿಸಲ್ಲ. ನೀರಿನ ಕ್ಯಾನ್ ತುಂಬಿದ್ದು ತುಂಬಿದ ಹಾಗೇ ಇರುತ್ತದೆ. ಶೌಚಾಲಯ ಸರಿ ಇಲ್ಲಾಂದ್ರೆ ಹೆಣ್ಣುಮಕ್ಕಳು ಬೇಕಂತಲೇ ನೀರು ಕುಡಿಯಲ್ಲ. ಚಿಲಕ ಇರುವ ಬಾಗಿಲು, ಒಳಗೆ ನಲ್ಲಿ ನೀರು, ಇಷ್ಟಾದರೆ ಕ್ಯಾನ್ ತಾನಾಗೇ ಖಾಲಿಯಾಗುತ್ತದೆ. ಯಾರಾದರೂ ಏನೇನೋ ಬಡಬಡಿಸಲು ಶುರು ಮಾಡಿದರೆ ನೆರಳಿಗೆ ತನ್ನಿ, ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಗೋದಾಮು ನೋಡಿಕೊಳ್ಳುವವರು, ಯಾದಗಿರಿ:
ನುಸಿಗೆ ಇಡುವ ಮಾತ್ರೆ ಬಗ್ಗೆ ಯಾರೂ ಹೇಳಲಿಲ್ಲ. ಪಟ್ಟಾ ಬೆರಳು ತೆಗೀಬಹುದು, ಇದು ಇಡೀ ಮನೆಯನ್ನೇ ತೆಗೆಯುತ್ತದೆ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನ್ನೋ ವಿಷದ ಗಾಳಿ ಬಿಡುತ್ತದೆ. 3 ಗ್ರಾಂ ಮಾತ್ರೆಯಿಂದ ಸುಮಾರು 1 ಗ್ರಾಂ ಗಾಳಿ. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರಬಹುದು, ಆದರೆ ಮೂಗನ್ನು ನಂಬಬೇಡಿ. ಒದ್ದೆ ಟವೆಲ್, ಧೂಳಿನ ಮಾಸ್ಕ್ ಇದನ್ನು ತಡೆಯಲ್ಲ. ವಿಷ ಇಳಿಸುವ ಮದ್ದೂ ಇಲ್ಲ.

ಇದನ್ನು ಹಮಾಲರ ಕೈಯಲ್ಲಿ ಇಡಿಸುವುದು ನಿಯಮಕ್ಕೂ ವಿರುದ್ಧ. ಅನುಮತಿ ಇರುವ ಕೀಟ ನಿಯಂತ್ರಣದವರೇ ಮಾಡಬೇಕು. ಬಾಗಿಲಿಗೆ ಬೀಗ ಹಾಕಿ ಬೋರ್ಡ್ ತೂಗುಹಾಕಿದರೆ ಮುಗೀತು ಅಂದುಕೊಳ್ಳಬೇಡಿ. ಗೋದಾಮಿಗೆ ಒತ್ತಿಕೊಂಡ ಕೋಣೆಯಲ್ಲಿ ವಾಚ್‌ಮನ್ ಮನೆ ಇದ್ದರೆ ಆ ದಿನಗಳಲ್ಲಿ ಅವರನ್ನು ಬೇರೆ ಕಡೆ ಮಲಗಿಸಿ. ಬಿರುಕು, ಶೀಟಿನ ಸಂದಿ ಎಲ್ಲಿಂದಾದರೂ ಗಾಳಿ ಬರುತ್ತದೆ. ಉಳಿದ ಪುಡಿಗೆ ನೀರು ಹಾಕಿ ತೊಳೆಯಲು ಹೋಗಬೇಡಿ, ಬೆಂಕಿ ಹತ್ತಬಹುದು. ತಲೆನೋವು, ವಾಂತಿ, ಎದೆ ಬಿಗಿತ ಅಂದ್ರೆ ‘ಸ್ವಲ್ಪ ನೋಡೋಣ’ ಅನ್ನದೆ ಆಸ್ಪತ್ರೆಗೆ ಓಡಿ, ಯಾವ ಮಾತ್ರೆ ಅಂತ ಡಾಕ್ಟರಿಗೆ ಹೇಳಿ.

ಶಹಾಬಾದ್, ಕಲ್ಲು ಪಾಲಿಶ್ ಯೂನಿಟ್:
ನಮ್ಮದು ನೀರು ಹಾಕಿ ಕೊಯ್ಯುವ ಕೆಲಸ, ಧೂಳಿಗಿಂತ ಶಾಕ್ ಭಯ ಜಾಸ್ತಿ. 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸಿ, ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಧೂಳು ಗುಡಿಸಲು ಬ್ಲೋವರ್ ಬೇಡ. ಕೆಳಗಿದ್ದದ್ದು ಮೂಗಿಗೆ ಬರುತ್ತದೆ, ಅಷ್ಟೇ.

ಲೆಕ್ಕಪತ್ರ ಬರೆಯುವವನು:
ಮೂವತ್ತು ಜನ ಅಂದ್ರಿ, ಅಲ್ವಾ? 2025ರ ನವೆಂಬರ್ 21ರಿಂದ ಜಾರಿಯಾದ, ಕೆಲಸಗಾರರ ಸುರಕ್ಷತೆಯ ಹೊಸ ಸಂಹಿತೆಯಲ್ಲೂ ಕರೆಂಟ್ ಬಳಸಿ 20 ಜನ ದುಡಿಯುವ ಜಾಗ ಫ್ಯಾಕ್ಟರಿಯೇ. ಇಎಸ್‌ಐಗೆ, ಅಂದ್ರೆ ಕೆಲಸಗಾರರ ಸರ್ಕಾರಿ ವಿಮೆಗೆ, 10 ಜನ ಇದ್ದರೆ ಸಾಕು. ತಿಂಗಳ ಸಂಬಳ 21,000ದ ಒಳಗಿದ್ದವರಿಗೆ ಸಂಬಳದ ಮೇಲೆ ನೀವು 3.25, ಅವರು 0.75 ಪರ್ಸೆಂಟ್ ಕಟ್ಟಬೇಕು. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂತರೆ ದಿನಗೂಲಿಯ 90 ಪರ್ಸೆಂಟ್ ಬರುತ್ತದೆ. ಇಷ್ಟು ತಿಂಗಳು ಕಟ್ಟಿರಬೇಕು ಅನ್ನೋ ಷರತ್ತು ಇದಕ್ಕಿಲ್ಲ. ಅದಕ್ಕೇ ‘ಸೀಸನ್ ಮುಗಿಯಲಿ, ಆಮೇಲೆ ಹೆಸರು ಹಾಕೋಣ’ ಅನ್ನಬೇಡಿ. ಗುತ್ತಿಗೆದಾರರ ಮೂಲಕ ಬಂದವರನ್ನೂ ಬಿಡಬೇಡಿ. ಅಪಘಾತದ ವರದಿ ತಡಮಾಡದೆ ಹೋಗಬೇಕು. ಇಎಸ್‌ಐ ನಂಬರ್‌ಗಳ ಪಟ್ಟಿ ಮ್ಯಾನೇಜರ್ ಮೊಬೈಲಿನಲ್ಲಿ ಮಾತ್ರ ಇಡದೆ ಗೇಟಿನ ಹತ್ತಿರವೂ ಒಂದು ಪ್ರತಿ ಇಡಿ, ರಾತ್ರಿ ಪಾಳಿಯಲ್ಲಿ ಅವರು ಇರಲ್ಲ.